ತಲೆಯೊಳಗಿನ ಹಾಡನ್ನು ಹೊರಗೆ ತಂದವರು

ಮುಂಬಯಿಯಂಥ ನಗರದಲ್ಲಿ ಸಂಸಾರ ಹೂಡಿದ ನಮಗೆಲ್ಲ ಒಂದು ಮಾತು ಚೆನ್ನಾಗಿ ಗೊತ್ತು. ಇಲ್ಲಿಯ ಗೋಡೆಗಳು ಅರ್ಧ ನಮ್ಮವು, ಅರ್ಧ ಪಕ್ಕದ ಮನೆಯವರವು. ಅವರ ಕುಕ್ಕರಿನ ಸೀಟಿ ನಮ್ಮ ಅಡುಗೆಮನೆಯಲ್ಲಿ ಕೇಳುತ್ತದೆ. ನಮ್ಮ ಮನೆಯ ಸುಪ್ರಭಾತ ಅವರ ನಿದ್ದೆ ಕೆಡಿಸುತ್ತದೆ. ರಾತ್ರಿ ಹತ್ತರ ಮೇಲೆ ಒಂದು ಹಾಡನ್ನು ಮನಸಾರೆ ಕೇಳಬೇಕೆಂದರೆ ಕಿವಿಗೆ ಹೆಡ್‌ಫೋನು ಏರಿಸಿಕೊಳ್ಳದೆ ಗತ್ಯಂತರವಿಲ್ಲ.

ಕೆಲವು ತಿಂಗಳ ಹಿಂದೆ ನಮ್ಮ ತಾಯಿಯವರು ಊರಿನಿಂದ ಬಂದಿದ್ದರು. ಅಜ್ಜಿ ಹಾಡಿದ ಬೀಸುವ ಪದಗಳ ಹಳೆಯ ಕ್ಯಾಸೆಟ್ಟೊಂದು ನಮ್ಮಲ್ಲಿತ್ತು. ಅದನ್ನು ಮೊಬೈಲಿಗೆ ಇಳಿಸಿ, ಒಂದು ರಾತ್ರಿ ಅವರ ಕಿವಿಗೆ ಹೆಡ್‌ಫೋನು ಹಾಕಿದೆವು. ತಾಯಿಯವರ ಕಣ್ಣು ತುಂಬಿತು. ಎರಡನೆಯ ಪದ ಮುಗಿಯುವ ಮೊದಲೇ ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, "ಅಲ್ಲೋ, ಅವ್ವ ನನ್ನ ತಲಿಯೊಳಗ ಕುಂತು ಹಾಡಿದಂಗ ಆತಲ್ಲ. ಪಡಸಾಲ್ಯಾಗ ಕುಂತು ಹಾಡಿದಂಗ ಕೇಳಸಂಗಿಲ್ಲೇನು?" ಎಂದರು.

ಬಿ.ಎಸ್‌ಸಿ.ಯಲ್ಲಿ ಶಬ್ದಶಾಸ್ತ್ರವನ್ನು ಪರೀಕ್ಷೆಯ ಮಟ್ಟಿಗೆ ಓದಿದ್ದ ನಮಗೆ ಆ ರಾತ್ರಿ ಉತ್ತರ ಹೊಳೆಯಲಿಲ್ಲ. ಬಳಿಕ ಹುಡುಕುತ್ತ ಹೋದಂತೆ, ತಾಯಿಯವರ ಪ್ರಶ್ನೆ ಜಗತ್ತಿನ ದೊಡ್ಡ ದೊಡ್ಡ ಎಂಜಿನಿಯರುಗಳನ್ನು ತಲೆಮಾರುಗಟ್ಟಲೆ ಕಾಡಿದ್ದೆಂದು ತಿಳಿಯಿತು. ಕಿವಿಗೆ ಅಂಟಿಕೊಂಡ ಯಂತ್ರದಿಂದ, ಎದುರಿಗಿಟ್ಟ ಎರಡು ಸ್ಪೀಕರುಗಳ ಅನುಭವವನ್ನು ಪಡೆಯುವುದು ಹೇಗೆ? ಈ ಪ್ರಶ್ನೆಯ ಚರಿತ್ರೆಯನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ನಿರೂಪಿಸಿದ್ದೇವೆ.

ಪ್ಯಾರಿಸಿನ ಪ್ರದರ್ಶನ

ಕಥೆ 1881ರಲ್ಲಿ ಪ್ಯಾರಿಸಿನಲ್ಲಿ ಪ್ರಾರಂಭವಾಗುತ್ತದೆ. ಟೆಲಿಫೋನು ಹುಟ್ಟಿ ಆಗಿನ್ನೂ ಐದು ವರ್ಷ. ಆ ವರ್ಷ ಅಲ್ಲಿ ನಡೆದ ಅಂತರರಾಷ್ಟ್ರೀಯ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಎಂಬ ಎಂಜಿನಿಯರರು ಒಂದು ಕೌತುಕವನ್ನು ಏರ್ಪಡಿಸಿದರು. ಪ್ಯಾರಿಸ್ ಒಪೇರಾದ ರಂಗಸ್ಥಳದ ಅಂಚಿನಲ್ಲಿ ಎಡಕ್ಕೂ ಬಲಕ್ಕೂ ಟೆಲಿಫೋನಿನ ಧ್ವನಿಗ್ರಾಹಕಗಳನ್ನು ಸಾಲಾಗಿ ಇರಿಸಿ, ತಂತಿಗಳನ್ನು ಸುಮಾರು ಎರಡು ಕಿಲೋಮೀಟರು ದೂರದ ಪ್ರದರ್ಶನ ಭವನಕ್ಕೆ ಎಳೆದರು. ಕೇಳಲು ಬಂದವರು ಎರಡು ಕೈಯಲ್ಲೂ ಒಂದೊಂದು ರಿಸೀವರು ಹಿಡಿದು ಎರಡೂ ಕಿವಿಗೆ ಒತ್ತಿಕೊಳ್ಳಬೇಕು. ಒಂದು ಕಿವಿಗೆ ರಂಗದ ಎಡಭಾಗದ ದನಿ, ಇನ್ನೊಂದಕ್ಕೆ ಬಲಭಾಗದ ದನಿ. ಗಾಯಕರು ರಂಗದ ಮೇಲೆ ಓಡಾಡಿದಂತೆ ಅವರ ಸ್ವರವೂ ಓಡಾಡುವುದನ್ನು ಕೇಳಿ ಜನ ಬೆರಗಾದರು. ಸರತಿ ಸಾಲಿನಲ್ಲಿ ನಿಂತು, ಕೆಲವೇ ನಿಮಿಷಗಳ ಪಾಳಿಯಲ್ಲಿ ಕೇಳಿ ಹೋದರು.

ಇದೇ ಅದೇರ್ ಅವರು ಮುಂದೆ 1890ರಲ್ಲಿ ಹಬೆಯ ಎಂಜಿನ್ನಿನ ವಿಮಾನವೊಂದನ್ನು ನೆಲದಿಂದ ಗೇಣೆತ್ತರ ಎಬ್ಬಿಸಿದವರು. ಅವರ ನಾಟಕ-ಟೆಲಿಫೋನೂ ಅದೇ ವರ್ಷ 'ತೆಯಾತ್ರೋಫೋನ್' ಎಂಬ ಹೆಸರಿನಲ್ಲಿ ವ್ಯಾಪಾರಕ್ಕಿಳಿಯಿತು. ಹೋಟೆಲು, ಕೆಫೆಗಳಲ್ಲಿ ನಾಣ್ಯ ಹಾಕಿ ಒಪೇರಾ ಕೇಳುವ ಈ ಏರ್ಪಾಡು 1932ರವರೆಗೂ ನಡೆದು, ರೇಡಿಯೋದ ಹೊಡೆತಕ್ಕೆ ನಿಂತುಹೋಯಿತು.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮನುಷ್ಯ ಮೊದಲು ಸ್ಟೀರಿಯೋ ಕೇಳಿದ್ದು ಸ್ಪೀಕರಿನಲ್ಲಲ್ಲ, ಕಿವಿಗೊತ್ತಿದ ಎರಡು ರಿಸೀವರುಗಳಲ್ಲಿ. ಕೋಣೆ ತುಂಬ ದನಿ ಮಾಡುವ ಸ್ಪೀಕರು ಬಂದದ್ದು ಆಮೇಲೆ.

ಎರಡು ಕಿವಿ ಏಕೆ?

ದನಿ ಯಾವ ದಿಕ್ಕಿನಿಂದ ಬಂತೆಂದು ನಮಗೆ ಹೇಗೆ ತಿಳಿಯುತ್ತದೆ? ಇದಕ್ಕೆ ತಕ್ಕ ವಿವರಣೆಯನ್ನು 1907ರಲ್ಲಿ ಕೊಟ್ಟವರು ಇಂಗ್ಲೆಂಡಿನ ಲಾರ್ಡ್ ರ‍್ಯಾಲೀ. 1904ರ ನೊಬೆಲ್ ಪಾರಿತೋಷಕ ಪಡೆದ ಭೌತವಿಜ್ಞಾನಿ ಇವರೇ. ಅವರ ವಿವರಣೆಯನ್ನು ಸರಳವಾಗಿ ಹೀಗೆ ಹೇಳಬಹುದು.

ಬಲಗಡೆಯಿಂದ ಬಂದ ದನಿ ಮೊದಲು ಬಲಗಿವಿಯನ್ನು ಮುಟ್ಟಿ, ತಲೆಯನ್ನು ಬಳಸಿಕೊಂಡು ಸ್ವಲ್ಪ ತಡವಾಗಿ ಎಡಗಿವಿಗೆ ಹೋಗುತ್ತದೆ. ಈ ತಡ ಎಷ್ಟು? ದನಿ ಪೂರ್ತಿ ಪಕ್ಕದಿಂದ ಬಂದರೂ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ, ಸುಮಾರು 0.6ರಿಂದ 0.7 ಮಿಲಿಸೆಕೆಂಡು ಮಾತ್ರ. ಇಷ್ಟರ ಅಂತರವನ್ನು ಮಿದುಳು ಗುರುತಿಸಬಲ್ಲದು! ತಗ್ಗಿನ ಸ್ವರಗಳಿಗೆ ಈ ಲೆಕ್ಕ. ಅವುಗಳ ಅಲೆ ಉದ್ದ. 100 ಕಂಪನದ ಸ್ವರದ ಅಲೆ ಮೂರು ಮೀಟರಿಗೂ ಮಿಕ್ಕಿದ್ದು. ಅದು ತಲೆಯನ್ನು ಲಕ್ಷಿಸದೆ ಸುತ್ತಿ ಹೋಗುತ್ತದೆ. 10,000 ಕಂಪನದ ಏರುಸ್ವರದ ಅಲೆಯಾದರೋ ಮೂರೂವರೆ ಸೆಂಟಿಮೀಟರು. ಅದಕ್ಕೆ ತಲೆಯೇ ಗೋಡೆ. ಆಚೆಯ ಕಿವಿ ತಲೆಯ ನೆರಳಿನಲ್ಲಿ ಬಿದ್ದು ಅಲ್ಲಿ ದನಿ ಕುಗ್ಗುತ್ತದೆ. ಹೀಗೆ ತಗ್ಗಿಗೆ ಕಾಲದ ಲೆಕ್ಕ, ಏರಿಗೆ ಪ್ರಮಾಣದ ಲೆಕ್ಕ. ಇವೆರಡರ ಜೊತೆಗೆ, ಹೊರಗಿವಿಯ ಮಡಿಕೆಗಳು ಸ್ವರದ ಬಣ್ಣವನ್ನು ತುಸು ಬದಲಿಸಿ, ದನಿ ಮುಂದಿನದೋ ಹಿಂದಿನದೋ, ಮೇಲಿನದೋ ಕೆಳಗಿನದೋ ಎಂಬುದನ್ನು ತಿಳಿಸುತ್ತವೆಂದು ಮುಂದೆ ಗೊತ್ತಾಯಿತು.

ಇತ್ತ ಅಮೆರಿಕದ ಯುಟಾ ಸಂಸ್ಥಾನದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಎಂಬವರು ತಮ್ಮ ಮನೆಯ ಅಡುಗೆಮನೆಯಲ್ಲೇ ಕುಳಿತು, ತಲೆಗೆ ಸಿಕ್ಕಿಸಿಕೊಳ್ಳುವ ಹೆಡ್‌ಫೋನು ತಯಾರಿಸಿ 1910ರಲ್ಲಿ ಅಮೆರಿಕದ ನೌಕಾಪಡೆಗೆ ಕಳುಹಿಸಿದರು. ಪರೀಕ್ಷಿಸಿ ಮೆಚ್ಚಿದ ನೌಕಾಪಡೆ ಹೆಚ್ಚಿನ ಬೇಡಿಕೆ ಕಳುಹಿಸಿದಾಗ, ಅಡುಗೆಮನೆಯಲ್ಲಿ ಒಮ್ಮೆಗೆ ಕೆಲವು ಮಾತ್ರ ಆಗುತ್ತವೆ ಎಂದು ಅವರು ಉತ್ತರ ಬರೆಯಬೇಕಾಯಿತು. ಆದರೆ ಅದು ತಂತಿಯ ಸಂಕೇತ ಕೇಳುವ ಸಾಧನ, ಸಂಗೀತಕ್ಕಾಗಿ ಹುಟ್ಟಿದ್ದಲ್ಲ.

ಬ್ಲಮ್‌ಲೈನರ ಸೂತ್ರ

ನಮ್ಮ ಕಥೆಯ ನಿಜವಾದ ನಾಯಕರು ಅಲನ್ ಬ್ಲಮ್‌ಲೈನ್. 1903ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಇ.ಎಂ.ಐ. ಕಂಪನಿಯಲ್ಲಿ ಎಂಜಿನಿಯರಾಗಿದ್ದವರು. ಒಮ್ಮೆ ತಮ್ಮ ಭಾವೀ ಪತ್ನಿಯೊಡನೆ ಸಿನಿಮಾ ನೋಡುತ್ತಿದ್ದಾಗ, ನಟ ಪರದೆಯ ಒಂದು ಪಕ್ಕದಲ್ಲಿದ್ದರೂ ಅವನ ಮಾತು ಬೇರೆಲ್ಲಿಂದಲೋ ಬರುವುದನ್ನು ಕಂಡು, ಮಾತು ನಟನನ್ನು ಹಿಂಬಾಲಿಸುವಂತೆ ಮಾಡಲು ತಮ್ಮಲ್ಲಿ ಉಪಾಯವಿದೆ ಎಂದರೆಂದು ಹೇಳುವುದುಂಟು. 1931ರ ಡಿಸೆಂಬರ್ 14ರಂದು ಅವರು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ಎಪ್ಪತ್ತು ಹಕ್ಕುಗಳಿದ್ದವು. ಇಂದಿಗೂ ಸ್ಟೀರಿಯೋ ಎಂಬುದರ ಮೂಲ ದಸ್ತಾವೇಜು ಅದೇ.

ಬ್ಲಮ್‌ಲೈನ್ ಅವರು ಕಂಡುಕೊಂಡದ್ದು ಬಹು ಸೂಕ್ಷ್ಮವಾದ ಸತ್ಯ. ತಲೆಯಷ್ಟು ಅಂತರದಲ್ಲಿಟ್ಟ ಎರಡು ಮೈಕುಗಳಿಂದ ಮುದ್ರಿಸಿದ ದನಿ ಹೆಡ್‌ಫೋನಿಗೆ ಸರಿ. ಅದನ್ನೇ ಎರಡು ಸ್ಪೀಕರುಗಳಲ್ಲಿ ನುಡಿಸಿದರೆ ಕೆಡುತ್ತದೆ. ಕಾರಣ, ಸ್ಪೀಕರಿನ ದನಿ ಒಂದೇ ಕಿವಿಗೆ ಹೋಗುವುದಿಲ್ಲ. ಎಡ ಸ್ಪೀಕರನ್ನು ಬಲಗಿವಿಯೂ ಕೇಳುತ್ತದೆ. ಬಲ ಸ್ಪೀಕರನ್ನು ಎಡಗಿವಿಯೂ ಕೇಳುತ್ತದೆ. ಇದನ್ನು ದೋಷವೆಂದು ಬಗೆಯದೆ, ಅವರು ಅದನ್ನೇ ಉಪಾಯವಾಗಿ ಬಳಸಿಕೊಂಡರು. ಎರಡು ಸ್ಪೀಕರುಗಳಿಗೆ ಕೇವಲ ಪ್ರಮಾಣದಲ್ಲಿ ಹೆಚ್ಚುಕಡಿಮೆ ಇರುವ ದನಿ ಕೊಟ್ಟರೆ ಸಾಕು. ನಾಲ್ಕು ದಾರಿಗಳಲ್ಲಿ ಬಂದ ಅಲೆಗಳು ಎರಡು ಕಿವಿಗಳಲ್ಲಿ ಬೆರೆತು, ತಗ್ಗಿನ ಸ್ವರಗಳಲ್ಲಿ ಕಾಲದ ಅಂತರವನ್ನು ತಾವೇ ಹುಟ್ಟಿಸುತ್ತವೆ. ಸ್ಪೀಕರುಗಳ ನಡುವೆ ಬರಿಯ ಗೋಡೆಯಿರುವ ಕಡೆ ಗಾಯಕ ನಿಂತಂತೆ ಕೇಳುವುದು ಹೀಗೆ. ಎಂದರೆ, ಎರಡೂ ಕಿವಿ ಎರಡೂ ಸ್ಪೀಕರನ್ನು ಕೇಳುವುದೇ ಸ್ಟೀರಿಯೋದ ಜೀವಾಳ.

1934ರ ಜನವರಿಯಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ, ಥಾಮಸ್ ಬೀಚಮ್ ಅವರ ನಿರ್ದೇಶನದಲ್ಲಿ ಮೋಟ್ಸಾರ್ಟನ 'ಜ್ಯೂಪಿಟರ್' ಸಿಂಫನಿಯನ್ನು ಈ ಕ್ರಮದಿಂದ ಮುದ್ರಿಸಿದರು. ಆದರೆ ಕಂಪನಿಗೆ ಅದರ ವ್ಯಾಪಾರದಲ್ಲಿ ಆಸಕ್ತಿ ಹುಟ್ಟಲಿಲ್ಲ. ಯುದ್ಧ ಬಂತು. 1942ರ ಜೂನ್ 7ರಂದು, ರೇಡಾರ್ ಪರೀಕ್ಷೆಗೆ ಹೊರಟ ಹ್ಯಾಲಿಫ್ಯಾಕ್ಸ್ ವಿಮಾನ ಅಪಘಾತಕ್ಕೀಡಾಗಿ ಬ್ಲಮ್‌ಲೈನ್ ತೀರಿಕೊಂಡರು. ಆಗ ಅವರಿಗೆ ವಯಸ್ಸು 38. ಯುದ್ಧದ ಗುಟ್ಟೆಂದು ಆ ಸುದ್ದಿಯನ್ನೂ ಮುಚ್ಚಿಡಲಾಯಿತು. ತಮ್ಮ ಪೇಟೆಂಟಿನ ಫಲವನ್ನು ಜನರ ಮನೆಗಳಲ್ಲಿ ಅವರು ಕಾಣಲಿಲ್ಲ.

ಇದೇ ಕಾಲಕ್ಕೆ ಅಮೆರಿಕದ ಬೆಲ್ ಪ್ರಯೋಗಾಲಯದವರು ಎರಡು ದಾರಿಯನ್ನೂ ಪ್ರಯತ್ನಿಸಿದರು. 1933ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ನುಡಿಸಿದ ವಾದ್ಯಮೇಳವನ್ನು ಮೂರು ತಂತಿಗಳ ಮೂಲಕ ವಾಷಿಂಗ್ಟನ್ನಿಗೆ ಕಳುಹಿಸಿ, ಮೂರು ಸ್ಪೀಕರುಗಳಲ್ಲಿ ಸಭೆಗೆ ಕೇಳಿಸಿದರು. ಅದೇ ವರ್ಷ ಷಿಕಾಗೋ ಜಾಗತಿಕ ಮೇಳದಲ್ಲಿ, ಕಿವಿಗಳ ಬಳಿ ಮೈಕು ಜೋಡಿಸಿದ 'ಆಸ್ಕರ್' ಎಂಬ ಗೊಂಬೆಯನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಅದು ಕೇಳಿದ್ದನ್ನು ಪ್ರೇಕ್ಷಕರಿಗೆ ಹೆಡ್‌ಫೋನಿನಲ್ಲಿ ಕೇಳಿಸಿದರು. ಒಂದು ಸಭೆಯ ದಾರಿ, ಇನ್ನೊಂದು ಒಂಟಿ ಶ್ರೋತೃವಿನ ದಾರಿ.

ಅಡ್ಡದಾರಿಯಲ್ಲಿ ಬಂದ ಹೆಡ್‌ಫೋನು

ಯುದ್ಧಾನಂತರ ಸ್ಪೀಕರಿನ ದಾರಿಯೇ ರಾಜಮಾರ್ಗವಾಯಿತು. 1958ರ ಹೊತ್ತಿಗೆ ಸ್ಟೀರಿಯೋ ಎಲ್‌ಪಿ ತಟ್ಟೆಗಳು ಪೇಟೆಗೆ ಬಂದವು. ಅವನ್ನು ಸ್ಪೀಕರಿಗೆಂದೇ ಮುದ್ರಿಸಲಾಗಿತ್ತು.

ಅದೇ 1958ರಲ್ಲಿ ಅಮೆರಿಕದ ಮಿಲ್‌ವಾಕಿಯ ಜಾನ್ ಕಾಸ್ ಎಂಬ ವ್ಯಾಪಾರಿ, ಖಾಸಗಿಯಾಗಿ ಕೇಳಬಹುದಾದ ಒಂದು ಕೈಪೆಟ್ಟಿಗೆ ಗ್ರಾಮಫೋನನ್ನು ಪ್ರದರ್ಶನಕ್ಕಿಟ್ಟರು. ಅದಕ್ಕೆ ಜೊತೆಯಾಗಿ ಒಂದು ಸ್ಟೀರಿಯೋ ಹೆಡ್‌ಫೋನೂ ಇತ್ತು. ಜನ ಪೆಟ್ಟಿಗೆಯನ್ನು ಬಿಟ್ಟು ಹೆಡ್‌ಫೋನಿಗೆ ಮುಗಿಬಿದ್ದರು! ಗೃಹಸಂಗೀತಕ್ಕೆ ಹೆಡ್‌ಫೋನು ಬಂದದ್ದು ಹೀಗೆ, ಗಿಡ ನೆಟ್ಟಲ್ಲಿ ಬಳ್ಳಿ ಹಬ್ಬಿದಂತೆ.

ಆದರೆ ಬ್ಲಮ್‌ಲೈನ್ ಅವರು ಮೊದಲೇ ಕಂಡಿದ್ದ ತೊಡಕು ಈಗ ತಿರುಗಿ ನಿಂತಿತು. ಸ್ಪೀಕರಿಗೆಂದು ಮುದ್ರಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಎಡದ್ದು ಎಡಗಿವಿಗೆ ಮಾತ್ರ, ಬಲದ್ದು ಬಲಗಿವಿಗೆ ಮಾತ್ರ. ನಾಲ್ಕು ದಾರಿಗಳಲ್ಲಿ ಎರಡು ಕಡಿದುಹೋದವು. ಗಾಯಕ ತಲೆಯ ಮಧ್ಯದಲ್ಲಿ, ವಾದ್ಯಗಳು ಕಿವಿಯ ಒಳಗೆ. ಬೀಟಲ್ಸ್ ತಂಡದ 1963ರ ಮೊದಲ ಎಲ್‌ಪಿಯ ಸ್ಟೀರಿಯೋ ಮುದ್ರಣದಲ್ಲಿ ಹಾಡುವವರೆಲ್ಲ ಬಲಕ್ಕೆ, ವಾದ್ಯಗಳೆಲ್ಲ ಎಡಕ್ಕೆ. ಹೆಡ್‌ಫೋನಿನಲ್ಲಿ ಅದನ್ನು ಕೇಳಿದವರಿಗೆ ಯಾರೋ ತಲೆಯನ್ನು ಎರಡು ಹೋಳು ಮಾಡಿದ ಅನುಭವ.

ಇದಕ್ಕೆ ಮದ್ದು ಹೇಳಿದವರು ಬೆಂಜಮಿನ್ ಬಾವರ್. ಷ್ಯೂರ್ ಕಂಪನಿಯ ಹೆಸರುವಾಸಿ 'ಯೂನಿಡೈನ್' ಮೈಕನ್ನು ರೂಪಿಸಿದವರು ಇವರೇ. 1961ರಲ್ಲಿ ಅವರು ಒಂದು ಲೇಖನ ಪ್ರಕಟಿಸಿ, ಕಡಿದುಹೋದ ಎರಡು ದಾರಿಗಳನ್ನು ವಿದ್ಯುತ್ ಮಂಡಲದಲ್ಲಿಯೇ ಮತ್ತೆ ಜೋಡಿಸುವ ಬಗೆ ತೋರಿಸಿದರು. ಎಡದ ದನಿಯಲ್ಲಿ ಒಂದಂಶವನ್ನು, ಏರುಸ್ವರಗಳನ್ನು ತಗ್ಗಿಸಿ, ತುಸು ತಡಮಾಡಿ ಬಲಗಿವಿಗೂ ಕೊಡುವುದು. ಬಲದ್ದನ್ನು ಹಾಗೆಯೇ ಎಡಕ್ಕೆ ಕೊಡುವುದು. ಸ್ಪೀಕರು ಮೂವತ್ತು ಡಿಗ್ರಿ ಪಕ್ಕದಲ್ಲಿದ್ದರೆ ಈ ತಡ ಸುಮಾರು ಕಾಲು ಮಿಲಿಸೆಕೆಂಡು. ಇದಕ್ಕೆ ಈಗ 'ಕ್ರಾಸ್‌ಫೀಡ್' ಎಂದು ಹೆಸರು. 1971ರಲ್ಲಿ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಎಂಬ ಎಂಜಿನಿಯರರು ಇದನ್ನು ಇನ್ನೂ ಸರಳಗೊಳಿಸಿ, ಹವ್ಯಾಸಿಗಳು ಮನೆಯಲ್ಲೇ ಬೆಸುಗೆ ಹಾಕಿ ಮಾಡಿಕೊಳ್ಳಬಹುದಾದ ಮಂಡಲವನ್ನು ಪ್ರಕಟಿಸಿದರು.

ಬೆಂಗಳೂರಿನ ಒಂದು ಎಳೆ

ಕನ್ನಡಿಗರಾದ ನಾವು ಅಭಿಮಾನಪಡಬಹುದಾದ ಒಂದು ಎಳೆಯೂ ಈ ಕಥೆಯಲ್ಲಿದೆ. ಕಾನ್ಪುರದಲ್ಲಿ 1933ರಲ್ಲಿ ಹುಟ್ಟಿದ ಬಿಷ್ಣು ಅಟಲ್ ಅವರು ಲಖನೌದಲ್ಲಿ ಬಿ.ಎಸ್‌ಸಿ. ಮುಗಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1955ರಲ್ಲಿ ಡಿಪ್ಲೊಮಾ ಪಡೆದು, ಅಲ್ಲಿಯೇ ಕೆಲವು ವರ್ಷ ಅಧ್ಯಾಪಕರಾಗಿದ್ದರು. 1961ರಲ್ಲಿ ಬೆಲ್ ಪ್ರಯೋಗಾಲಯ ಸೇರಿ, ಮರುವರ್ಷವೇ ಮಾನ್‌ಫ್ರೆಡ್ ಶ್ರೋಡರ್ ಅವರೊಡನೆ ಒಂದು ಪೇಟೆಂಟ್ ಅರ್ಜಿ ಸಲ್ಲಿಸಿದರು. ಅದು 1966ರಲ್ಲಿ ಮಂಜೂರಾಯಿತು. ಅವರದು ಬಾವರರಿಗೆ ಎದುರುಮುಖದ ಕೆಲಸ. ಎಡ ಸ್ಪೀಕರಿನಿಂದ ಬಲಗಿವಿಗೆ ಸೋರುವ ದನಿಯನ್ನು ಎದುರು ದನಿಯಿಂದ ಅಳಿಸಿ, ಸ್ಪೀಕರಿನಿಂದಲೇ ಹೆಡ್‌ಫೋನಿನ ಪರಿಣಾಮ ತರುವುದು ಹೇಗೆಂದು ಅವರು ತೋರಿಸಿದರು. ಸ್ಪೀಕರುಗಳೇ ಇಲ್ಲದ ಕಡೆಯಿಂದಲೂ ದನಿ ಬಂದಂತೆ ಕೇಳಿಸಲು ಇದರಿಂದ ಸಾಧ್ಯವಾಯಿತು. ಇದೇ ಅಟಲ್ ಅವರು ಮುಂದೆ ಮಾತನ್ನು ಅಡಕಗೊಳಿಸಿ ಕಳುಹಿಸುವ ವಿಧಾನಗಳನ್ನು ರೂಪಿಸಿದರು. ಇಂದು ನಾವು ಊರಿಗೆ ಮೊಬೈಲಿನಲ್ಲಿ ಮಾತಾಡುವಾಗ ಅವರ ಗಣಿತ ನಮ್ಮ ದನಿಯನ್ನು ಹೊತ್ತೊಯ್ಯುತ್ತಿರುತ್ತದೆ.

ಕಿವಿಯಿಂದ ದೂರ ಸರಿದ ಹೆಡ್‌ಫೋನು

ಇನ್ನು ಕೆಲವರು ಹೆಡ್‌ಫೋನಿನ ರಚನೆಯನ್ನೇ ಬದಲಿಸಿದರು. ಜಪಾನಿನ ಸ್ಟ್ಯಾಕ್ಸ್ ಕಂಪನಿ 1960ರಲ್ಲಿ ಸ್ಥಿರವಿದ್ಯುತ್ತಿನಿಂದ ಅಲುಗುವ ತೆಳು ಪೊರೆಯ ಹೆಡ್‌ಫೋನು ತಂದು, ಅದನ್ನು ಕಿವಿ-ಸ್ಪೀಕರು ಎಂದೇ ಕರೆಯಿತು. ಜರ್ಮನಿಯ ಸೆನ್‌ಹೈಸರ್ 1968ರಲ್ಲಿ ಹಿಂಬದಿ ಮುಚ್ಚದ ಎಚ್‌ಡಿ 414 ತಂದಿತು. ಹಳದಿ ಸ್ಪಂಜಿನ ಈ ಹಗುರ ಹೆಡ್‌ಫೋನಿನಲ್ಲಿ ದನಿ ಡಬ್ಬಿಯಲ್ಲಿ ಕೂಡಿಹಾಕಿದಂತೆ ಕೇಳದೆ ಬಯಲಾಯಿತು. ವಿಯೆನ್ನಾದ ಎ.ಕೆ.ಜಿ. ಕಂಪನಿ 1990ರ ಸುಮಾರಿಗೆ ಹೊರತಂದ ಕೆ 1000ವಂತೂ ಕಿವಿಯನ್ನು ಮುಟ್ಟುವುದೇ ಇಲ್ಲ. ಎರಡು ಪುಟ್ಟ ಕದಗಳಂತೆ ಅದರ ಸ್ಪೀಕರುಗಳು ಕೆನ್ನೆಯ ಮುಂದಕ್ಕೆ ತೆರೆದುಕೊಳ್ಳುತ್ತವೆ. ಎಡದ ದನಿ ಬಲಗಿವಿಗೂ ತುಸು ಸೋರುತ್ತದೆ. ಹೊರಗಿವಿಯ ಮಡಿಕೆಗಳಿಗೂ ಕೆಲಸ ಸಿಗುತ್ತದೆ. ಅದನ್ನು ನುಡಿಸಲು ಸ್ಪೀಕರಿಗೆ ಬಳಸುವ ಆಂಪ್ಲಿಫೈಯರೇ ಬೇಕಾಗಿತ್ತು. 2009ರ ಸೆನ್‌ಹೈಸರ್ ಎಚ್‌ಡಿ 800ರಲ್ಲಿಯೂ ಸ್ಪೀಕರನ್ನು ಕಿವಿಯ ಮುಂಬದಿಗೆ ಓರೆಯಾಗಿ ಕೂರಿಸಿದರು.

ಬೆಲೆಯೂ ಏರುತ್ತ ಹೋಯಿತು. 2015ರಲ್ಲಿ ಸೆನ್‌ಹೈಸರ್ ಪ್ರಕಟಿಸಿದ ಎಚ್‌ಇ 1 ಎಂಬುದರ ಬೆಲೆ ಆಗ ಸುಮಾರು ಐವತ್ತು ಸಾವಿರ ಯೂರೋ ಇತ್ತು. ನಮ್ಮಂಥ ಗುಮಾಸ್ತರು ಅದರ ಚಿತ್ರವನ್ನು ನೋಡಿ ಸಂತೋಷಪಡತಕ್ಕದ್ದು. ಆದರೆ ಸ್ವರ ಎಷ್ಟು ಶುದ್ಧವಾದರೂ ಅಷ್ಟರಿಂದಲೇ ಅದು ತಲೆಯ ಹೊರಗೆ ಬರುವುದಿಲ್ಲ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದನ್ನು 1940ರಲ್ಲಿಯೇ ಹಾನ್ಸ್ ವಾಲಖ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ್ದರು. ದನಿಯ ನೆಲೆ ತಿಳಿಯಲು ನಾವು ಅರಿಯದೆಯೇ ತಲೆಯನ್ನು ಅಲುಗಿಸುತ್ತೇವೆ. ಸ್ಪೀಕರಿನೆದುರು ತಲೆ ತಿರುಗಿಸಿದರೆ ಗಾಯಕ ತನ್ನ ಜಾಗದಲ್ಲೇ ಇರುತ್ತಾನೆ. ಹೆಡ್‌ಫೋನಿನಲ್ಲಾದರೆ ಇಡೀ ಕಚೇರಿಯೇ ನಮ್ಮೊಡನೆ ತಿರುಗುತ್ತದೆ. ಹೀಗೆ ತಿರುಗುವುದು ಹೊರಗಿನ ವಸ್ತುವಾಗಿರಲಾರದೆಂದು ಮಿದುಳು ತೀರ್ಮಾನಿಸುತ್ತದೆ. ಎರಡನೆಯದು, ಒಬ್ಬರ ಕಿವಿ ಇನ್ನೊಬ್ಬರದರಂತಿಲ್ಲ. 1973ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದ ಸಮಯದಲ್ಲಿ ಕೃತಕ ತಲೆಯ ಮೂಲಕ ಮುದ್ರಿಸಿದ ನಾಟಕವನ್ನು ಪ್ರಸಾರ ಮಾಡಿದಾಗ ಜನ ಬೆರಗಾದದ್ದು ನಿಜ. ಆದರೆ ಮುಂದಿನಿಂದ ಬರಬೇಕಾದ ದನಿ ಹಲವರಿಗೆ ಹಿಂದಿನಿಂದ ಕೇಳಿಸಿತು. ಅವರು ಕೇಳುತ್ತಿದ್ದದ್ದು ಬೇರೊಬ್ಬರ ಕಿವಿಯಿಂದ!

ಈ ಎರಡಕ್ಕೂ ಪರಿಹಾರ ಸಿಕ್ಕಿದ್ದು ಗಣಕಯಂತ್ರ ಬಂದ ಮೇಲೆ. 2009ರ ಸುಮಾರಿಗೆ ಪೇಟೆಗೆ ಬಂದ ಸ್ಮೈತ್ ರಿಸರ್ಚ್ ಕಂಪನಿಯ 'ರಿಯಲೈಸರ್' ಎಂಬ ಪೆಟ್ಟಿಗೆ ಹೀಗೆ ಕೆಲಸ ಮಾಡುತ್ತದೆ. ಕೇಳುಗನ ಸ್ವಂತ ಕಿವಿಗಳಲ್ಲಿ ಪುಟ್ಟ ಮೈಕುಗಳನ್ನಿಟ್ಟು, ಒಳ್ಳೆಯ ಕೋಣೆಯೊಂದರಲ್ಲಿ ಸ್ಪೀಕರುಗಳಿಂದ ಪರೀಕ್ಷಾ ಸ್ವರ ಹೊರಡಿಸಿ, ಅವು ಆ ಕಿವಿಗಳಿಗೆ ಹೇಗೆ ತಲುಪಿದವೆಂದು ಅಳೆಯುತ್ತಾರೆ. ಬಳಿಕ ಹೆಡ್‌ಫೋನು ತೊಡಿಸಿ, ಅದೇ ಲೆಕ್ಕದಲ್ಲಿ ಹಾಡನ್ನು ನುಡಿಸುತ್ತಾರೆ. ತಲೆ ತಿರುಗಿದ್ದನ್ನು ಗುರುತಿಸುವ ಸಾಧನ ಜೊತೆಗಿದ್ದು, ದನಿಯನ್ನು ಅಷ್ಟೇ ಎದುರಿಗೆ ತಿರುಗಿಸುತ್ತದೆ. ಆಗ ಸ್ಪೀಕರೇ ನುಡಿಯುತ್ತಿದೆ ಎಂದುಕೊಳ್ಳುವಷ್ಟು ಸಾಮ್ಯ ಬರುತ್ತದೆ. 2020ರಲ್ಲಿ ಆಪಲ್ ಕಂಪನಿ ಇದರ ಸರಳ ರೂಪವೊಂದನ್ನು ಕಿವಿಯೊಳಗಿಡುವ ಇಯರ್‌ಬಡ್ಡುಗಳಿಗೇ ತಂದಿತು.

ಕೊನೆಗೆ ತಿಳಿದದ್ದು

ಇಷ್ಟು ತಿಳಿದ ಮೇಲೆ ಅಜ್ಜಿಯ ಪದಗಳಿಗೆ ಮರಳಿದೆವು. ಮೊಬೈಲಿನಲ್ಲಿ ಕ್ರಾಸ್‌ಫೀಡ್ ಹಾಕಿ ನೋಡಿದರೆ ಪ್ರಯೋಜನವಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಆ ಕ್ಯಾಸೆಟ್ಟು ಒಂದೇ ಮೈಕಿನದು. ಎರಡು ಕಿವಿಗೂ ಒಂದೇ ದನಿ. ಅದನ್ನು ಅಡ್ಡ ಬೆರೆಸಿದರೂ ಅದೇ ದನಿ, ಸ್ಥಾನ ತಲೆಯ ಮಧ್ಯವೇ. ಕೋಣೆಯ ಪ್ರತಿಧ್ವನಿ ಸೇರಿಸುವ ಇನ್ನೊಂದು ಏರ್ಪಾಡನ್ನು ಹಚ್ಚಿದಾಗ ಅಜ್ಜಿ ಹಣೆಯಿಂದ ಒಂದು ಗೇಣು ಹೊರಬಂದಂತಾಯಿತು. ಆದರೆ ಆ ಕೋಣೆ ಯಾರದೋ, ನಮ್ಮ ಪಡಸಾಲೆಯದಲ್ಲ.

ಈ ಚರಿತ್ರೆಯನ್ನೆಲ್ಲ ಓದಿ ನಮಗನಿಸಿದ್ದಿಷ್ಟು. ಹಾಡಿಗೆ ಹಾಡುವವರು ಎಷ್ಟು ಮುಖ್ಯವೋ ಅದು ತಾಗಿ ಮರಳುವ ಗೋಡೆ, ನೆಲ, ಕೇಳುವವರ ತಲೆ, ಕಿವಿ ಇವೂ ಅಷ್ಟೇ ಮುಖ್ಯ. ಇವನ್ನು ಕಳೆದುಬಿಡುವುದು ಸುಲಭ. ಮತ್ತೆ ಕೂಡಿಸಲು 1881ರಿಂದ ಇಂದಿನವರೆಗೆ ಜಾಣರು ದುಡಿಯಬೇಕಾಯಿತು.

ಹಾಗೆಂದು ಹೆಡ್‌ಫೋನನ್ನು ನಾವು ಹಳಿಯುವವರಲ್ಲ. ಇಕ್ಕಟ್ಟಿನ ಮನೆಯಲ್ಲಿ, ಒಬ್ಬರು ಓದುವಾಗ ಇನ್ನೊಬ್ಬರು ಹಾಡು ಕೇಳಲು ಅದೊಂದು ವರವೇ. ದನಿಯ ಪ್ರಮಾಣದಲ್ಲಿ ಮಾತ್ರ ಎಚ್ಚರವಿರಲಿ. 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಲೋಕಲ್ ಗಾಡಿಯ ಗದ್ದಲವನ್ನು ಮೀರಿಸಲು ದನಿ ಏರಿಸುವ ನಮ್ಮ ಮಕ್ಕಳು ಇದನ್ನು ತಿಳಿದಿರುವುದು ಒಳ್ಳೆಯದು.

ತಾಯಿಯವರು ಊರಿಗೆ ಹೊರಡುವ ಹಿಂದಿನ ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ ಕಪಾಟಿನ ಮೇಲಿದ್ದ ಹಳೆಯ ಸ್ಪೀಕರನ್ನು ಒರೆಸಿ, ಗೋಡೆಯ ಬದಿಗೆ ನೆಲದ ಮೇಲಿಟ್ಟು, ಮೆಲುದನಿಯಲ್ಲಿ ಆ ಪದಗಳನ್ನು ಹಚ್ಚಿದೆವು. ಒಂದೇ ಸ್ಪೀಕರು, ಸ್ಟೀರಿಯೋ ಅಲ್ಲ, ಏನೂ ಅಲ್ಲ. ತಾಯಿಯವರು ಅದರೆದುರು ಕಾಲು ನೀಡಿ ಕುಳಿತು, ಬೀಸುಕಲ್ಲಿನ ಗೂಟ ಹಿಡಿದವರಂತೆ ಕೈ ಆಡಿಸುತ್ತ, ತಾವೂ ದನಿಗೂಡಿಸಿದರು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಮರಾಠಿ ವಹಿನಿ ನಿಂತಿದ್ದರು. ಸದ್ದಾಯಿತೆಂದು ಹೇಳಲು ಬಂದರೇನೋ ಎಂದು ನಾವು ಅಂಜಿ, ನಿಲ್ಲಿಸಲು ಕೈ ಚಾಚಿದೆವು. ಅವರು ಬೇಡವೆಂದು ಸನ್ನೆ ಮಾಡಿದರು. ತಮ್ಮ ಅಜ್ಜಿಯೂ ಜಾತೆಯ ಮುಂದೆ ಕುಳಿತು ಇಂಥವೇ ಓವಿಗಳನ್ನು ಹಾಡುತ್ತಿದ್ದರಂತೆ. ಗೋಡೆಯಾಚೆ ಕೇಳಿ ಎದ್ದು ಬಂದದ್ದಂತೆ. ತಾಯಿಯವರು ಚಾಪೆಯ ಮೇಲೆ ಸರಿದು ಅವರಿಗೂ ಜಾಗ ಮಾಡಿಕೊಟ್ಟರು.